ಸೆಲೆನಿಯಮ್ ಮಾತ್ರೆ ನುಂಗುವ ಮೊದಲು ಮಾಡಬೇಕಾದ ಲೆಕ್ಕ

ಹೈಪೋಥೈರಾಯ್ಡ್, ಅಂದರೆ ಥೈರಾಯ್ಡ್ ಗ್ರಂಥಿಯ ಕೆಲಸ ಕುಗ್ಗಿದ ಸ್ಥಿತಿ, ಇರುವವರ ವಾಟ್ಸಾಪ್ ಗುಂಪುಗಳಲ್ಲಿ ಎರಡು ಸಲಹೆಗಳು ಬಿಡದೆ ಓಡಾಡುತ್ತಿವೆ. ಸೆಲೆನಿಯಮ್ ತುಂಬಿರುವ ಬ್ರೆಜಿಲ್ ನಟ್ ಎಂಬ ಬೀಜ ದಿನಕ್ಕೆ ಎರಡು ತಿನ್ನಿ ಎನ್ನುವುದು ಒಂದು. 200 ಮೈಕ್ರೋಗ್ರಾಂ ಸೆಲೆನಿಯಮ್ ಮಾತ್ರೆ ಶುರು ಮಾಡಿ, ಥೈರಾಯ್ಡ್ ಸೊರಗಿದಾಗ ರಕ್ತದಲ್ಲಿ ಏರುವ ಹಾರ್ಮೋನ್ ಟಿಎಸ್‌ಎಚ್ ತಾನಾಗಿಯೇ ಇಳಿಯುತ್ತದೆ ಎನ್ನುವುದು ಇನ್ನೊಂದು. ಬೆಂಗಳೂರಿನಲ್ಲಿ ಎರಡಕ್ಕೂ ಬರವಿಲ್ಲ. ಬಡಾವಣೆಯ ಮೆಡಿಕಲ್ ಶಾಪ್‌ನಲ್ಲಿ ಕೇಳಿದರೆ ಚೀಟಿ ಇಲ್ಲದೆಯೂ ಕೊಡುತ್ತಾರೆ, ಆ್ಯಪ್‌ನಲ್ಲಿ ಒತ್ತಿದರೆ ಹಾಲು-ಮೊಸರಿನ ಜೊತೆಗೇ ಬಾಗಿಲಿಗೆ ಬರುತ್ತದೆ.

ಸೆಲೆನಿಯಮ್ ಎಂಬ ಖನಿಜಾಂಶ ದೇಹಕ್ಕೆ ಬೇಕೇ ಬೇಕು, ಅದರಲ್ಲಿ ತಕರಾರಿಲ್ಲ. ತಕರಾರು ಪ್ರಮಾಣದ್ದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೊರತಂದ ಪಟ್ಟಿಯ ಪ್ರಕಾರ ವಯಸ್ಕರಿಗೆ ದಿನಕ್ಕೆ 40 ಮೈಕ್ರೋಗ್ರಾಂ ಸಾಕು. ಅಮೆರಿಕದ ಲೆಕ್ಕ 55, ಗರ್ಭಿಣಿಯರಿಗೆ 60, ಹಾಲೂಡಿಸುವ ತಾಯಂದಿರಿಗೆ 70. ಮೇಲಿನ ಮಿತಿ ಅಮೆರಿಕದಲ್ಲಿ 400. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ತನ್ನ ಮಿತಿಯನ್ನು 255ಕ್ಕೆ ಇಳಿಸಿದೆ. ವಿಟಮಿನ್ ಸಿಯಲ್ಲಿ ಗಂಡಸರಿಗೆ ಬೇಕಾದದ್ದು 80 ಮಿಲಿಗ್ರಾಂ, ಮಿತಿ 2000. ನಡುವೆ ಇಪ್ಪತ್ತೈದು ಪಟ್ಟು ಅಂತರವಿದೆ. ಸೆಲೆನಿಯಮ್‌ಗೆ ಯುರೋಪಿನ ಮಿತಿ ಹಿಡಿದರೆ ಆರೂವರೆ ಪಟ್ಟೂ ಇಲ್ಲ. ಇಷ್ಟು ಇಕ್ಕಟ್ಟಿನ ಜಾಗವಿರುವ ಪೋಷಕಾಂಶಗಳು ಕಡಿಮೆ. ಹಾಗಾಗಿ ಇದನ್ನು "ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತೆ ಬಿಡಿ" ಎನ್ನುವ ಸಾಲಿಗೆ ಸೇರಿಸುವಂತಿಲ್ಲ.

ಇನ್ನು ಅಳತೆಯ ಗೊಂದಲ. ಒಂದು ಮಿಲಿಗ್ರಾಂ ಎಂದರೆ 1000 ಮೈಕ್ರೋಗ್ರಾಂ. ಲೇಬಲ್‌ನಲ್ಲಿ ಎಂಜಿ, ಎಂಸಿಜಿ ಎಂದು ಇರುವ ಒಂದು ಅಕ್ಷರದ ವ್ಯತ್ಯಾಸ ಸಾವಿರ ಪಟ್ಟಿನದು. 2008ರಲ್ಲಿ ಅಮೆರಿಕದಲ್ಲಿ ಮಾರಾಟವಾದ ಒಂದು ದ್ರವ ಪೂರಕದಲ್ಲಿ ತಯಾರಿಕೆಯ ತಪ್ಪಿನಿಂದ ಲೇಬಲ್‌ನಲ್ಲಿ ಹೇಳಿದ್ದಕ್ಕಿಂತ ಸುಮಾರು 200 ಪಟ್ಟು ಸೆಲೆನಿಯಮ್ ಸೇರಿಹೋಗಿತ್ತು. 201 ಜನ ಅಸ್ವಸ್ಥರಾದರು: ಭೇದಿ, ಸುಸ್ತು, ಕೂದಲು ಉದುರುವುದು, ಕೀಲುನೋವು, ಉಗುರಿನ ಬಣ್ಣ ಕೆಡುವುದು. ಪುಡಿ ತರಿಸಿ ಮನೆಯ ತಕ್ಕಡಿಯಲ್ಲಿ ತೂಗಿ ಕುಡಿಯುವ ಯೋಚನೆ ಇದ್ದವರು ಇಲ್ಲಿಗೇ ಕೈಬಿಡಬೇಕು. ಮೈಕ್ರೋಗ್ರಾಂ ತೂಗುವ ತಕ್ಕಡಿ ಯಾರ ಅಡುಗೆಮನೆಯಲ್ಲೂ ಇರುವುದಿಲ್ಲ.

ದೇಹದೊಳಗಿನ ಕೆಲಸ

ಸೆಲೆನಿಯಮ್ ಬಿಡಿಯಾಗಿ ಕೆಲಸ ಮಾಡುವುದಿಲ್ಲ. ಸೆಲೆನೋಸಿಸ್ಟೀನ್ ಎಂಬ ಅಮೈನೋ ಆಮ್ಲದ ರೂಪದಲ್ಲಿ ಪ್ರೋಟೀನುಗಳ ಒಳಗೆ ಕೂರುತ್ತದೆ. ಮನುಷ್ಯನಲ್ಲಿ ಇಂಥ ಪ್ರೋಟೀನುಗಳಿಗೆ 25 ಜೀನ್‌ಗಳಿವೆ. ಅವುಗಳಲ್ಲಿ ಗ್ಲುಟಾಥಯೋನ್ ಪೆರಾಕ್ಸಿಡೇಸ್ ಗುಂಪು ಹೈಡ್ರೋಜನ್ ಪೆರಾಕ್ಸೈಡಿನಂಥ ಸುಡುವ ಉಪಉತ್ಪನ್ನಗಳನ್ನು ತಣ್ಣಗಾಗಿಸುತ್ತದೆ. ಡಿಅಯೋಡಿನೇಸ್ ಎಂಬ ಮೂರು ಕಿಣ್ವಗಳು ಥೈರಾಯ್ಡ್ ಹಾರ್ಮೋನನ್ನು ಅಷ್ಟು ಚುರುಕಿಲ್ಲದ ಟಿ4 ರೂಪದಿಂದ ಚುರುಕಾದ ಟಿ3 ರೂಪಕ್ಕೆ ತಿರುಗಿಸುವ, ಬೇಡದಾಗ ನಿಷ್ಕ್ರಿಯಗೊಳಿಸುವ ಕೆಲಸ ಹಂಚಿಕೊಂಡಿವೆ. ಸೆಲೆನೋಪ್ರೋಟೀನ್ ಪಿ ಯಕೃತ್ತಿನಲ್ಲಿ ತಯಾರಾಗಿ ಸೆಲೆನಿಯಮ್ಮನ್ನು ರಕ್ತದಲ್ಲಿ ಹೊತ್ತು ಅಂಗಾಂಗಗಳಿಗೆ ತಲುಪಿಸುತ್ತದೆ. ಗಂಡಸರ ವೀರ್ಯಾಣುವಿನ ಬಾಲದ ಬುಡ ಗಟ್ಟಿಯಾಗಿ ನಿಲ್ಲುವುದಕ್ಕೂ ಇದೇ ಕುಟುಂಬದ ಒಂದು ಪ್ರೋಟೀನ್ ಬೇಕು. ಬಂಜೆತನದ ಚಿಕಿತ್ಸೆಯ ಕ್ಯಾಪ್ಸೂಲ್‌ಗಳಲ್ಲಿ ಸೆಲೆನಿಯಮ್ ಇರುವುದು ಆ ಕಾರಣಕ್ಕೆ.

ತೂಕದ ಲೆಕ್ಕದಲ್ಲಿ ದೇಹದ ಬೇರೆಲ್ಲ ಅಂಗಗಳಿಗಿಂತ ಹೆಚ್ಚು ಸೆಲೆನಿಯಮ್ ಇರುವುದು ಥೈರಾಯ್ಡ್ ಗ್ರಂಥಿಯಲ್ಲಿ. ಹಾರ್ಮೋನ್ ತಯಾರಿಸಲು ಆ ಗ್ರಂಥಿ ದಿನವಿಡೀ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತಿರುತ್ತದೆ; ಒಲೆ ಉರಿಯುವ ಮನೆಗೆ ಹೊಗೆಗೂಡು ಬೇಕಾದ ಹಾಗೆ ಅದಕ್ಕೆ ಸೆಲೆನಿಯಮ್ ಕಿಣ್ವಗಳು ಬೇಕು. ಆದರೆ ಇಲ್ಲೇ ಇನ್ನೊಂದು ಸಂಗತಿ ಇದೆ, ಫಾರ್ವರ್ಡ್ ಸಂದೇಶಗಳಲ್ಲಿ ಅದು ಬರುವುದಿಲ್ಲ. ಸೆಲೆನಿಯಮ್ ಕಡಿಮೆಯಾದಾಗ ದೇಹ ಎಲ್ಲ ಅಂಗಗಳಿಂದಲೂ ಸಮವಾಗಿ ಕಡಿತ ಮಾಡುವುದಿಲ್ಲ. ಯಕೃತ್ತು, ಸ್ನಾಯುಗಳು ಮೊದಲು ಬಿಟ್ಟುಕೊಡುತ್ತವೆ. ಮೆದುಳು, ಥೈರಾಯ್ಡಿನಂಥ ಗ್ರಂಥಿಗಳು ಕೊನೆಯವರೆಗೂ ಹಿಡಿದಿಟ್ಟುಕೊಳ್ಳುತ್ತವೆ. ಆದ್ದರಿಂದ ಊಟ-ತಿಂಡಿ ಸರಿಯಾಗಿರುವವರಲ್ಲಿ "ಟಿ4, ಟಿ3 ಆಗಿ ಬದಲಾಗುತ್ತಿಲ್ಲ, ಸೆಲೆನಿಯಮ್ ಕಡಿಮೆ ಇರಬೇಕು" ಎಂಬ ಊಹೆ ಬಹುಪಾಲು ಹುಸಿಯಾಗುತ್ತದೆ.

ಮಣ್ಣಿನ ಮಾತು, ಬೆಂಗಳೂರಿನ ತಟ್ಟೆ

ಯಾವ ಆಹಾರದಲ್ಲಿ ಎಷ್ಟು ಸೆಲೆನಿಯಮ್ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಅದೇ ತಳಿಯ ಗೋಧಿ ಒಂದು ಮಣ್ಣಿನಲ್ಲಿ ಬೆಳೆದಾಗ ಇರುವ ಅಂಶ ಇನ್ನೊಂದರಲ್ಲಿ ಹತ್ತನೇ ಒಂದು ಭಾಗವೂ ಇರಲಿಕ್ಕಿಲ್ಲ. ಸಸ್ಯಕ್ಕೆ ಸೆಲೆನಿಯಮ್ ಬೇಕೇ ಬೇಕು ಎಂದೇನಿಲ್ಲ. ಮಣ್ಣಿನಲ್ಲಿದ್ದರೆ, ಗಂಧಕ ಹೀರುವ ದಾರಿಯಲ್ಲೇ ಅದನ್ನೂ ಎಳೆದುಕೊಳ್ಳುತ್ತದೆ. ಕ್ಷಾರ ಗುಣದ, ಗಾಳಿಯಾಡುವ ಮಣ್ಣಿನಲ್ಲಿ ಸೆಲೆನಿಯಮ್ ಸೆಲೆನೇಟ್ ರೂಪದಲ್ಲಿದ್ದು ಬೇರಿಗೆ ಸುಲಭವಾಗಿ ಸಿಗುತ್ತದೆ. ಕರಾವಳಿ, ಮಲೆನಾಡಿನ ಜಂಬಿಟ್ಟಿಗೆಯಂಥ ಹುಳಿ ಮಣ್ಣಿನಲ್ಲಿ ಅದು ಸೆಲೆನೈಟ್ ಆಗಿ ಕಬ್ಬಿಣದ ಆಕ್ಸೈಡಿಗೆ ಅಂಟಿಕೊಂಡು ಕೂತುಬಿಡುತ್ತದೆ. ಮಣ್ಣಿನಲ್ಲಿ ಇದ್ದರೂ ಬೆಳೆಗೆ ಸಿಗುವುದಿಲ್ಲ.

ಎರಡು ತುದಿಯ ಉದಾಹರಣೆಗಳೂ ಏಷ್ಯಾದಲ್ಲೇ ಇವೆ. ಚೀನಾದ ಈಶಾನ್ಯದ ಕೆಶಾನ್ ಕೌಂಟಿಯಲ್ಲಿ 1935ರಲ್ಲಿ ಹೃದಯದ ಸ್ನಾಯು ಸೊರಗಿ ಸಾಯುವ ರೋಗ ದೊಡ್ಡದಾಗಿ ಕಾಣಿಸಿಕೊಂಡು ಅದೇ ಊರಿನ ಹೆಸರು ಪಡೆಯಿತು. ಹೆಚ್ಚಾಗಿ ಬಲಿಯಾದವರು ಮಕ್ಕಳು ಮತ್ತು ಹೆರಿಗೆಯ ವಯಸ್ಸಿನ ಹೆಂಗಸರು. 1970ರ ದಶಕದಲ್ಲಿ ಸಿಚುವಾನ್ ಪ್ರಾಂತ್ಯದ ಮಕ್ಕಳಿಗೆ ವಾರಕ್ಕೊಂದು ಸೋಡಿಯಂ ಸೆಲೆನೈಟ್ ಮಾತ್ರೆ ಕೊಟ್ಟಾಗ ರೋಗ ಗಣನೀಯವಾಗಿ ಇಳಿಯಿತು. ಕೊರತೆಯೊಂದೇ ಕಾರಣವಲ್ಲ, ಕಾಕ್ಸಾಕಿ ವೈರಸ್ ಕೂಡ ಜೊತೆಗೂಡುತ್ತದೆ ಎಂದು ಆಮೇಲೆ ತಿಳಿಯಿತು. ಇನ್ನೊಂದು ತುದಿ ನಮ್ಮದೇ ದೇಶದ ಪಂಜಾಬಿನಲ್ಲಿದೆ. ಹೋಷಿಯಾರ್‌ಪುರ, ನವಾಂಶಹರ್ ಭಾಗದ ಕೆಲವು ಹಳ್ಳಿಗಳಿಗೆ ಶಿವಾಲಿಕ್ ಬೆಟ್ಟಗಳಿಂದ ಮಳೆನೀರು ಹೊತ್ತು ತಂದ ಹೂಳಿನಲ್ಲಿ ಸೆಲೆನಿಯಮ್ ವಿಪರೀತ. ಅಲ್ಲಿನ ಮೇವು ತಿಂದ ದನ-ಎಮ್ಮೆಗಳ ಗೊರಸು, ಕೊಂಬು ಕಳಚಿದ್ದು, ಜನರ ಕೂದಲು-ಉಗುರು ಕೆಟ್ಟದ್ದು ದಾಖಲಾಗಿದೆ.

ಸರ್ಕಾರಗಳು ಇದನ್ನು ಮಣ್ಣಿನಲ್ಲೇ ಸರಿಪಡಿಸಿದ ಉದಾಹರಣೆಯೂ ಇದೆ. ಫಿನ್ಲೆಂಡ್ 1980ರ ದಶಕದ ನಡುಭಾಗದಿಂದ ರಸಗೊಬ್ಬರಕ್ಕೆ ಸೋಡಿಯಂ ಸೆಲೆನೇಟ್ ಬೆರೆಸುತ್ತಿದೆ. ಅಲ್ಲಿನ ಜನರ ರಕ್ತದ ಮಟ್ಟ ಕೆಲವೇ ವರ್ಷಗಳಲ್ಲಿ ಏರಿತು. ಬ್ರಿಟನ್ನಿನಲ್ಲಿ ಆದದ್ದು ಇದಕ್ಕೆ ತಿರುಗು ಮುರುಗು. ಉತ್ತರ ಅಮೆರಿಕದ ಗೋಧಿ ಬಿಟ್ಟು ಯುರೋಪಿನ ಗೋಧಿಗೆ ಬದಲಾದ ಮೇಲೆ 1970ರ ದಶಕದಲ್ಲಿ ದಿನಕ್ಕೆ ಸುಮಾರು 60 ಮೈಕ್ರೋಗ್ರಾಂ ಇದ್ದ ಸೇವನೆ 1990ರ ದಶಕದ ಹೊತ್ತಿಗೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಜನ ತಿಂದದ್ದು ಅದೇ ಬ್ರೆಡ್ಡು, ಗೋಧಿ ಬಂದ ಊರು ಮಾತ್ರ ಬೇರೆ.

ಬೆಂಗಳೂರಿಗೆ ಈ ಕಥೆಗಳನ್ನು ನೇರವಾಗಿ ಅನ್ವಯಿಸುವವರು ಒಂದು ವಿಷಯ ಮರೆಯುತ್ತಾರೆ. ಕೆಶಾನ್, ಪಂಜಾಬಿನ ಹಳ್ಳಿಗಳು ತಮ್ಮ ಹೊಲದಲ್ಲಿ ಬೆಳೆದದ್ದನ್ನೇ ತಿನ್ನುತ್ತಿದ್ದವು. ಇಲ್ಲಿನ ಒಂದು ತಟ್ಟೆಯಲ್ಲಿ ಗಂಗಾವತಿ-ಸಿಂಧನೂರಿನ ಸೋನಾ ಮಸೂರಿ, ಕಲಬುರಗಿಯ ತೊಗರಿಬೇಳೆ, ತುಮಕೂರು-ರಾಮನಗರದ ರಾಗಿ, ಮಧ್ಯಪ್ರದೇಶದ ಗೋಧಿ, ಸುತ್ತಲ ಕೋಳಿ ಫಾರಂಗಳ ಮೊಟ್ಟೆ, ಮಂಗಳೂರು-ಮಲ್ಪೆಯಿಂದ ಐಸ್ ಮೇಲೆ ಬಂದ ಬಂಗುಡೆ ಒಟ್ಟಿಗೇ ಇರುತ್ತವೆ. ಒಂದು ಮಣ್ಣಿನ ಕೊರತೆಯನ್ನು ಇನ್ನೊಂದು ಮಣ್ಣು ತುಂಬುತ್ತದೆ. "ನಮ್ಮ ಕೆಂಪು ಮಣ್ಣಿನಲ್ಲಿ ಸೆಲೆನಿಯಮ್ ಇಲ್ಲ, ಅದಕ್ಕೆ ಮಾತ್ರೆ ಬೇಕು" ಎಂಬ ವಾದ ನಗರದವರ ಮಟ್ಟಿಗೆ ಕುಂಟುವುದು ಇಲ್ಲೇ.

ಸರಿ, ತಟ್ಟೆಯಲ್ಲಿ ಎಷ್ಟು ಸಿಗುತ್ತದೆ? ಒಂದು ಮೊಟ್ಟೆಯಲ್ಲಿ ಸುಮಾರು 15 ಮೈಕ್ರೋಗ್ರಾಂ. 100 ಗ್ರಾಂ ಬೂತಾಯಿಯಂಥ ಮೀನಿನಲ್ಲಿ 50ರ ಆಸುಪಾಸು, ಅಷ್ಟೇ ಕೋಳಿಮಾಂಸದಲ್ಲಿ 25ರಷ್ಟು. ಅಂದರೆ ಮುದ್ದೆ, ಬಸ್ಸಾರಿನ ಜೊತೆ ಎರಡು ಬೇಯಿಸಿದ ಮೊಟ್ಟೆ ತಿನ್ನುವವರಿಗೆ ನಮ್ಮ ಪಟ್ಟಿಯ 40ರಲ್ಲಿ ಮುಕ್ಕಾಲು ಪಾಲು ಮೊಟ್ಟೆಯಿಂದಲೇ ಬಂತು. ವಾರಕ್ಕೆ ಎರಡು ದಿನ ಮೀನು ತಿನ್ನುವವರಂತೂ ಚಿಂತೆ ಮಾಡಬೇಕಾಗಿಲ್ಲ. ಪ್ರಾಣಿಗಳ ದೇಹ ಸೆಲೆನಿಯಮ್ ಮಟ್ಟವನ್ನು ಒಂದು ಮಟ್ಟಿಗೆ ತಾನೇ ಕಾಯ್ದುಕೊಳ್ಳುವುದರಿಂದ ಈ ಅಂಕಿಗಳು ಧಾನ್ಯದವುಗಳಷ್ಟು ಏರುಪೇರಾಗುವುದಿಲ್ಲ.

ಮೊಟ್ಟೆಯನ್ನೂ ಮುಟ್ಟದ ಮನೆಗಳ ಲೆಕ್ಕ ಸ್ವಲ್ಪ ನಾಜೂಕಿನದು. ಗೋಧಿ ಇವರಿಗೆ ಮುಖ್ಯ ಆಧಾರ. ಅಮೆರಿಕದ ಕೋಷ್ಟಕದಲ್ಲಿ 100 ಗ್ರಾಂ ಇಡೀ ಗೋಧಿ ಹಿಟ್ಟಿಗೆ 60ರಷ್ಟು ಮೈಕ್ರೋಗ್ರಾಂ ಎಂದಿದೆ, ಬ್ರಿಟನ್ನಿನ ಗೋಧಿಯಲ್ಲಿ 3 ಕೂಡ ಕಷ್ಟ. ಭಾರತದ ಗೋಧಿ ಯಾವ ಜಿಲ್ಲೆಯದು ಎಂಬುದರ ಮೇಲೆ ಈ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಪಾಲಿಷ್ ಅಕ್ಕಿಯಲ್ಲಿ ಕಡಿಮೆ; ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ-ಸಾರು, ರಾತ್ರಿ ಮತ್ತೆ ಅನ್ನ-ಮೊಸರು ಎಂಬ ದಿನಚರಿಯಲ್ಲಿ ಸೆಲೆನಿಯಮ್ ನಿಜವಾಗಿಯೂ ಸೊರಗಬಹುದು. ಅದಕ್ಕೆ ಪರಿಹಾರ ಮಾತ್ರೆಯಲ್ಲ: ಒಂದು ಹೊತ್ತು ಚಪಾತಿ, ಒಂದು ಹೊತ್ತು ರಾಗಿ ಎಂದು ಧಾನ್ಯ ಬದಲಿಸುವುದು, ಮನೆಗೆ ತರುವ ಗೋಧಿ ಹಿಟ್ಟಿನ ಬ್ರಾಂಡನ್ನೂ ಆಗಾಗ ಬದಲಿಸುವುದು, ಹಾಲು-ಮೊಸರು ಬಿಡದಿರುವುದು, ವಾರಕ್ಕೊಮ್ಮೆ ಅಣಬೆ. ಸೂರ್ಯಕಾಂತಿ ಬೀಜ 30 ಗ್ರಾಂ, ಅಂದರೆ ದೊಡ್ಡ ಒಂದು ಹಿಡಿ, ಸುಮಾರು 15 ಮೈಕ್ರೋಗ್ರಾಂ ಕೊಡುತ್ತದೆ. ಎಳ್ಳಿನ ಚಟ್ನಿಪುಡಿಯೂ ಲೆಕ್ಕಕ್ಕೆ ಬರುತ್ತದೆ. ಬೇಳೆ, ಸೊಪ್ಪು ಬೇಯಿಸಿದ ನೀರನ್ನು ಚೆಲ್ಲಿದರೆ ಅದರಲ್ಲೂ ಒಂದಿಷ್ಟು ಹೋಗುತ್ತದೆ. ಕಟ್ಟಿನಲ್ಲೇ ಬಸ್ಸಾರು ಮಾಡುವವರಿಗೆ ಆ ನಷ್ಟವಿಲ್ಲ.

ಆರ್‌ಒ ನೀರಿನ ಬಗ್ಗೆಯೂ ಕೇಳುವವರಿದ್ದಾರೆ. ಕುಡಿಯುವ ನೀರಿನಲ್ಲಿ ಸೆಲೆನಿಯಮ್ ಲೀಟರಿಗೆ 10 ಮೈಕ್ರೋಗ್ರಾಂ ದಾಟಬಾರದು ಎಂದು ಭಾರತೀಯ ಮಾನಕ ಹೇಳುತ್ತದೆ. ಸಾಮಾನ್ಯ ನೀರಿನಲ್ಲಿ ಅದಕ್ಕಿಂತ ಬಹಳ ಕಡಿಮೆಯೇ ಇರುತ್ತದೆ, ಆರ್‌ಒ ಅದನ್ನು ತೆಗೆದರೂ ನಷ್ಟವೇನಿಲ್ಲ.

ಬ್ರೆಜಿಲ್ ನಟ್ ಎಂಬ ಮಾತ್ರೆ

ಬ್ರೆಜಿಲ್ ನಟ್ ಅನ್ನು ಡ್ರೈಫ್ರೂಟ್ಸ್ ಎಂದು ಬಾದಾಮಿ, ಗೋಡಂಬಿಯ ಸಾಲಿನಲ್ಲಿ ಇಡುವುದೇ ತಪ್ಪು. ಒಂದೊಂದು ಬೀಜದಲ್ಲಿ ಸರಾಸರಿ 70ರಿಂದ 90 ಮೈಕ್ರೋಗ್ರಾಂ ಇರುತ್ತದೆ. ಅದೂ ಸರಾಸರಿ ಮಾತ್ರ. ಮರ ನಿಂತ ಜಾಗಕ್ಕೆ ತಕ್ಕಂತೆ ಒಂದರಲ್ಲಿ ಅತ್ಯಲ್ಪ, ಇನ್ನೊಂದರಲ್ಲಿ ಇದರ ಹಲವು ಪಟ್ಟು. ಪ್ಯಾಕೆಟ್ ನೋಡಿದರೆ ತಿಳಿಯುವುದಿಲ್ಲ. ನ್ಯೂಜಿಲೆಂಡ್‌ನಲ್ಲಿ ನಡೆದ ಪ್ರಯೋಗದಲ್ಲಿ ದಿನಕ್ಕೆರಡು ಬೀಜ ತಿಂದವರ ರಕ್ತದ ಮಟ್ಟ 100 ಮೈಕ್ರೋಗ್ರಾಂ ಮಾತ್ರೆ ನುಂಗಿದವರಷ್ಟೇ ಏರಿತು. ಹಾಗಾಗಿ ತಿನ್ನಲೇಬೇಕೆನಿಸಿದರೆ ವಾರಕ್ಕೆ ಎರಡು ಮೂರು ಸಾಕು, ಆ ದಿನಗಳಲ್ಲಿ ಸೆಲೆನಿಯಮ್ ಇರುವ ಮಾತ್ರೆ ಬೇಡ. 1ರಿಂದ 3 ವರ್ಷದ ಮಗುವಿಗೆ ಅಮೆರಿಕದ ಮೇಲಿನ ಮಿತಿಯೇ 90. ಅಷ್ಟು ಚಿಕ್ಕ ಮಗುವಿಗೆ ದಿನಾ ಒಂದು ಬೀಜ ಪುಡಿಮಾಡಿ ಹಾಲಿಗೆ ಹಾಕುವುದು ಪೌಷ್ಟಿಕತೆಯಲ್ಲ, ಅಪಾಯದ ಅಂಚು.

ಸ್ಟ್ರಿಪ್‌ನ ಹಿಂಭಾಗ

ಎಡವಟ್ಟಾಗುವುದು ಒಂದು ಮಾತ್ರೆಯಿಂದಲ್ಲ, ನಾಲ್ಕೂ ಸೇರಿದಾಗ. ಒಂದು ಕಾಲ್ಪನಿಕ ಮನೆಯ ಲೆಕ್ಕ ನೋಡಿ: ಮಲ್ಟಿವಿಟಮಿನ್‌ನಲ್ಲಿ 40, ಚರ್ಮದ ವೈದ್ಯರು ಕೂದಲಿಗೆಂದು ಬರೆದದ್ದರಲ್ಲಿ 65, ಇನ್ನೊಬ್ಬ ವೈದ್ಯರು ಬರೆದ ಆಂಟಿಆಕ್ಸಿಡೆಂಟ್ ಕ್ಯಾಪ್ಸೂಲ್‌ನಲ್ಲಿ 100, ಯಾರೋ ಹೇಳಿದರೆಂದು ಎರಡು ಬ್ರೆಜಿಲ್ ನಟ್‌ನಿಂದ 140ರಿಂದ 180, ಊಟದಿಂದ 50. ಒಟ್ಟು 400ರ ಮಿತಿಯ ಹತ್ತಿರ ಇಲ್ಲವೇ ಅದರಾಚೆ. ಒಬ್ಬ ವೈದ್ಯರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಮಲ್ಟಿವಿಟಮಿನ್ನನ್ನು "ಔಷಧಿ" ಎಂದು ರೋಗಿಯೂ ಹೇಳುವುದಿಲ್ಲ. ಸ್ಟ್ರಿಪ್‌ಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಸುರಿಯುವುದು ಒಳ್ಳೆಯದು.

ಲೇಬಲ್ ಓದುವಾಗ ಇನ್ನೊಂದು ಸೂಕ್ಷ್ಮವಿದೆ. ಅಂಕಿ ಯಾವುದರದು, ಸೆಲೆನಿಯಮ್‌ನದೋ ಅದರ ಲವಣದ್ದೋ ಎಂದು ನೋಡಬೇಕು. ಸೋಡಿಯಂ ಸೆಲೆನೈಟ್‌ನ ತೂಕದಲ್ಲಿ ಸೆಲೆನಿಯಮ್ ಸುಮಾರು 46 ಶೇಕಡ. ಅದರ ಪೆಂಟಾಹೈಡ್ರೇಟ್ (ನೀರಿನ ಅಣು ಸೇರಿದ) ರೂಪದಲ್ಲಿ 30, ಮಾತ್ರೆಗಳಲ್ಲಿರುವ ಇನ್ನೊಂದು ರೂಪವಾದ ಸೆಲೆನೋಮೀಥಿಯೋನಿನ್‌ನಲ್ಲಿ 40. "ಸೋಡಿಯಂ ಸೆಲೆನೈಟ್ 100 ಮೈಕ್ರೋಗ್ರಾಂ" ಎಂದಷ್ಟೇ ಬರೆದಿದ್ದರೆ ಅದರಲ್ಲಿ ಸಿಗುವ ಸೆಲೆನಿಯಮ್ 46 ಮಾತ್ರ. "ಎಲಿಮೆಂಟಲ್ ಸೆಲೆನಿಯಮ್ 100ಕ್ಕೆ ಸಮ" ಎಂದಿದ್ದರೆ ಪೂರ್ತಿ 100. ಹೀರಿಕೆಯೂ ಬೇರೆ ಬೇರೆ. ಸೆಲೆನೋಮೀಥಿಯೋನಿನ್ ಶೇಕಡ 90ರಷ್ಟು ರಕ್ತಕ್ಕೆ ಸೇರುತ್ತದೆ, ಜೊತೆಗೆ ಮೀಥಿಯೋನಿನ್ ಎಂಬ ಅಮೈನೋ ಆಮ್ಲವೆಂದೇ ತಿಳಿದು ದೇಹ ಅದನ್ನು ಸ್ನಾಯುಗಳ ಪ್ರೋಟೀನಿನಲ್ಲಿ ಕೂರಿಸಿ ದಾಸ್ತಾನು ಮಾಡುತ್ತದೆ. ಮಾತ್ರೆ ನಿಲ್ಲಿಸಿದ ತಕ್ಷಣ ಮಟ್ಟ ಇಳಿಯದಿರುವುದು ಈ ಕಾರಣಕ್ಕೆ.

ಹೆಚ್ಚಾದಾಗ ಸಾಮಾನ್ಯವಾಗಿ ಕಾಣುವ ಲಕ್ಷಣಗಳು ಇವು: ಉಸಿರಿನಲ್ಲಿ ಬೆಳ್ಳುಳ್ಳಿ ವಾಸನೆ, ಬಾಯಲ್ಲಿ ಲೋಹದ ರುಚಿ, ಕೂದಲು ಉದುರುವುದು, ಉಗುರು ಪೆಡಸಾಗಿ ಬಿಳಿ ಗೆರೆ ಬಿದ್ದು ಮುರಿಯುವುದು, ವಾಕರಿಕೆ, ಭೇದಿ, ಕೈಕಾಲು ಜೋಮು. ಯುರೋಪಿನ 255ರ ಮಿತಿ ಬಂದದ್ದೇ ಕೂದಲಿನ ಆಧಾರದ ಮೇಲೆ. ಕ್ಯಾನ್ಸರ್ ತಡೆಗಾಗಿ ನಡೆದ ದೊಡ್ಡ ಪ್ರಯೋಗದಲ್ಲಿ ಒಟ್ಟು ಸೇವನೆ ದಿನಕ್ಕೆ 330 ಮೈಕ್ರೋಗ್ರಾಂ ಮುಟ್ಟಿದಾಗ ಕೂದಲು ಉದುರುವುದು ಹೆಚ್ಚಿತ್ತು. ಕೂದಲು ಉದುರುತ್ತದೆಂದು ಸೆಲೆನಿಯಮ್ ಮಾತ್ರೆ ಏರಿಸುತ್ತಾ ಹೋಗುವವರು ಇದನ್ನು ಎರಡು ಸಲ ಓದಲಿ.

ಆ ಪ್ರಯೋಗದ ಹೆಸರು ಸೆಲೆಕ್ಟ್. 2001ರಲ್ಲಿ ಶುರುವಾಗಿ 35,000ಕ್ಕೂ ಹೆಚ್ಚು ಗಂಡಸರ ಮೇಲೆ ನಡೆಯಿತು. ದಿನಕ್ಕೆ 200 ಮೈಕ್ರೋಗ್ರಾಂ ಸೆಲೆನಿಯಮ್ ಪ್ರಾಸ್ಟೇಟ್ ಕ್ಯಾನ್ಸರನ್ನು ತಡೆಯುತ್ತದೆಯೇ ಎಂಬುದು ಪ್ರಶ್ನೆ. ತಡೆಯಲಿಲ್ಲ, 2008ರಲ್ಲಿ ಮಾತ್ರೆಗಳನ್ನು ನಿಲ್ಲಿಸಲಾಯಿತು. ಮೊದಲೇ ದೇಹದಲ್ಲಿ ಸೆಲೆನಿಯಮ್ ಚೆನ್ನಾಗಿದ್ದವರು ಮಾತ್ರೆ ತೆಗೆದುಕೊಂಡಾಗ ಉಗ್ರ ಬಗೆಯ ಪ್ರಾಸ್ಟೇಟ್ ಕ್ಯಾನ್ಸರ್ ಹೆಚ್ಚಿದ್ದು ನಂತರದ ವಿಶ್ಲೇಷಣೆಯಲ್ಲಿ ಕಂಡಿತು. ಇದಕ್ಕೆ ಮುಂಚಿನ, 1996ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗವನ್ನು 2007ರಲ್ಲಿ ಮತ್ತೆ ವಿಶ್ಲೇಷಿಸಿದಾಗ ಸೆಲೆನಿಯಮ್ ಪಡೆದವರಲ್ಲಿ ಎರಡನೇ ಬಗೆಯ ಮಧುಮೇಹ ಹೆಚ್ಚಿತ್ತು. ಮನೆಮನೆಯಲ್ಲೂ ಸಕ್ಕರೆ ಕಾಯಿಲೆ ಇರುವ ನಮ್ಮ ಊರಿನಲ್ಲಿ ಇದನ್ನು ಲಘುವಾಗಿ ತೆಗೆದುಕೊಳ್ಳುವಂತಿಲ್ಲ.

ಥೈರಾಯ್ಡ್‌ಗೆ ನಿಜಕ್ಕೂ ಎಷ್ಟು ಉಪಯೋಗ

ಹಶಿಮೋಟೋ, ಅಂದರೆ ದೇಹದ ರೋಗನಿರೋಧಕ ವ್ಯವಸ್ಥೆಯೇ ಥೈರಾಯ್ಡ್ ಮೇಲೆ ದಾಳಿ ಮಾಡುವ ಕಾಯಿಲೆ, ಇರುವವರಲ್ಲಿ ಸೆಲೆನಿಯಮ್ ಆ ದಾಳಿಯ ಗುರುತಾದ ಟಿಪಿಒ ಆ್ಯಂಟಿಬಾಡಿ ಅಂಕಿಯನ್ನು ಇಳಿಸುತ್ತದೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಇದು ಸುಳ್ಳಲ್ಲ. ಆದರೆ ರಿಪೋರ್ಟಿನ ಅಂಕಿ ಇಳಿಯುವುದೂ ರೋಗಿಗೆ ಹಿತವಾಗುವುದೂ ಒಂದೇ ಅಲ್ಲ. ಡೆನ್ಮಾರ್ಕ್‌ನಲ್ಲಿ ಥೈರಾಯ್ಡ್ ಹಾರ್ಮೋನಿನ ಮಾತ್ರೆ ಲೀವೋಥೈರಾಕ್ಸಿನ್ ತೆಗೆದುಕೊಳ್ಳುತ್ತಿದ್ದ 400ಕ್ಕೂ ಹೆಚ್ಚು ಜನರಿಗೆ ಒಂದು ವರ್ಷ ದಿನಕ್ಕೆ 200 ಮೈಕ್ರೋಗ್ರಾಂ ಅಥವಾ ಔಷಧವಿಲ್ಲದ ಖಾಲಿ ಮಾತ್ರೆ ಕೊಟ್ಟು ನೋಡಿದಾಗ ಆ್ಯಂಟಿಬಾಡಿ ಇಳಿಯಿತು, ಸುಸ್ತು-ಸಂಕಟ ಸೇರಿದ ಜೀವನದ ಗುಣಮಟ್ಟದಲ್ಲಿ ಖಾಲಿ ಮಾತ್ರೆಗಿಂತ ಹೆಚ್ಚಿನ ಸುಧಾರಣೆ ಕಾಣಲಿಲ್ಲ. ಟಿಪಿಒ ಪಾಸಿಟಿವ್ ಇರುವ ಗರ್ಭಿಣಿಯರಿಗೆ ಸೆಲೆನಿಯಮ್ ಕೊಡಬೇಡಿ ಎಂದು ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ 2017ರಲ್ಲೇ ಹೇಳಿದೆ.

ಸ್ಪಷ್ಟ ಉಪಯೋಗ ಕಂಡ ಜಾಗ ಬೇರೆ: ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ ಗ್ರೇವ್ಸ್ ರೋಗದಲ್ಲಿ ಕಣ್ಣು ಉಬ್ಬಿ ಉರಿಯುವ ಸ್ಥಿತಿಯ ಆರಂಭದ, ಸೌಮ್ಯ ಹಂತ. 2011ರ ಯುರೋಪಿನ ಪ್ರಯೋಗದಲ್ಲಿ 100 ಮೈಕ್ರೋಗ್ರಾಂ ಸೋಡಿಯಂ ಸೆಲೆನೈಟ್ ದಿನಕ್ಕೆರಡು ಬಾರಿ, ಆರು ತಿಂಗಳು ಕೊಟ್ಟಾಗ ಕಣ್ಣು ಸುಧಾರಿಸಿತು. ಗಮನಿಸಿ, ಅದಕ್ಕೆ ಆರು ತಿಂಗಳ ಗಡುವಿತ್ತು, ವೈದ್ಯರ ನಿಗಾ ಇತ್ತು.

ಅಯೋಡಿನ್ ಕಡೆಯಿಂದಲೂ ಒಂದು ಎಚ್ಚರಿಕೆ. 1990ರ ಸುಮಾರಿಗೆ ಆಗಿನ ಜೈರ್‌ನಲ್ಲಿ (ಈಗಿನ ಡಿಆರ್ ಕಾಂಗೋ) ಅಯೋಡಿನ್, ಸೆಲೆನಿಯಮ್ ಎರಡರ ಕೊರತೆಯೂ ಇದ್ದವರಿಗೆ ಸೆಲೆನಿಯಮ್ ಮಾತ್ರ ಕೊಟ್ಟಾಗ, ಮೊದಲೇ ಸೊರಗಿದ್ದ ಥೈರಾಯ್ಡ್ ಇನ್ನಷ್ಟು ಕುಸಿಯಿತು. ಅಯೋಡಿನ್ ಉಪ್ಪು ಬಿಟ್ಟು ಕಲ್ಲುಪ್ಪು, ಪಿಂಕ್ ಸಾಲ್ಟ್‌ಗೆ ಹೋದವರು ಸೆಲೆನಿಯಮ್ ಮಾತ್ರೆ ಶುರು ಮಾಡುವ ಮುಂಚೆ ಉಪ್ಪಿನ ಡಬ್ಬಿಯನ್ನು ಮೊದಲು ಸರಿಪಡಿಸಬೇಕು.

ಹಾಗಾದರೆ ರಕ್ತ ಪರೀಕ್ಷೆ ಮಾಡಿಸಿದರೆ ಆಯಿತಲ್ಲ? ಅದಕ್ಕೂ ಷರತ್ತುಗಳಿವೆ. ಸೀರಮ್ ಅಥವಾ ಪ್ಲಾಸ್ಮಾದಲ್ಲಿ ಲೀಟರಿಗೆ 80 ಮೈಕ್ರೋಗ್ರಾಂ ಇದ್ದರೆ ಸಾಮಾನ್ಯವಾಗಿ ಸಾಕು. ಇಡೀ ರಕ್ತದಲ್ಲಿ ಅಳೆದರೆ ಅಂಕಿ ಇದಕ್ಕಿಂತ ಮೇಲಿರುತ್ತದೆ, ಎರಡನ್ನೂ ಹೋಲಿಸಬಾರದು. ಡೆಸಿಲೀಟರಿನಲ್ಲಿ ಬಂದ ಅಂಕಿಯನ್ನು ಹತ್ತರಿಂದ ಗುಣಿಸಬೇಕು. ಮಾದರಿಯನ್ನು ಅತ್ಯಲ್ಪ ಪ್ರಮಾಣದ ಧಾತುಗಳಿಗೆಂದೇ (ಟ್ರೇಸ್ ಎಲಿಮೆಂಟ್) ಇರುವ ಕಡುನೀಲಿ ಮುಚ್ಚಳದ ಟ್ಯೂಬಿನಲ್ಲಿ ತೆಗೆಯಬೇಕು. ಮನೆಗೆ ಬಂದು ರಕ್ತ ತೆಗೆಯುವವರನ್ನು ಇದೊಂದು ಮಾತು ಕೇಳಿ. ಜ್ವರ, ಸೋಂಕು, ಉರಿಯೂತ ಇದ್ದಾಗ ಪ್ಲಾಸ್ಮಾ ಸೆಲೆನಿಯಮ್ ತಾನಾಗಿಯೇ ಇಳಿಯುತ್ತದೆ, ಆ ಇಳಿಕೆ ಕೊರತೆಯಲ್ಲ. ಕೂದಲಿನ ಪರೀಕ್ಷೆಯಂತೂ ದಂಡ: ತಲೆಹೊಟ್ಟಿನ ಎಷ್ಟೋ ಶಾಂಪೂಗಳಲ್ಲಿ ಇರುವುದೇ ಸೆಲೆನಿಯಮ್ ಸಲ್ಫೈಡ್, ಅದು ಕೂದಲಿಗೆ ಮೆತ್ತಿಕೊಂಡು ರಿಪೋರ್ಟನ್ನು ಮೇಲಕ್ಕೆ ಎತ್ತಿಬಿಡುತ್ತದೆ.

ಪರೀಕ್ಷೆಗೂ ಪೂರಕಕ್ಕೂ ನಿಜವಾಗಿ ಅರ್ಹರು ಇವರು: ತೂಕ ಇಳಿಸುವ ಶಸ್ತ್ರಚಿಕಿತ್ಸೆ ಆದವರು, ಕ್ರೋನ್ಸ್‌ನಂಥ ಕರುಳಿನ ರೋಗದಿಂದ ಹೀರಿಕೆ ಕೆಟ್ಟವರು, ವರ್ಷಗಟ್ಟಲೆ ಡಯಾಲಿಸಿಸ್‌ನಲ್ಲಿರುವವರು, ರಕ್ತನಾಳದ ಮೂಲಕವೇ ಪೋಷಣೆ ಪಡೆಯುತ್ತಿರುವವರು, ಹುಟ್ಟಿನಿಂದ ಬರುವ ಫಿನೈಲ್‌ಕೀಟೋನೂರಿಯಾದಿಂದಾಗಿ ಪ್ರೋಟೀನ್ ಕಡಿತದ ಪಥ್ಯದಲ್ಲಿರುವ ಮಕ್ಕಳು. ಇವರಿಗೂ ಪ್ರಮಾಣ ನಿಗದಿ ಮಾಡಬೇಕಾದವರು ಚಿಕಿತ್ಸೆ ಕೊಡುತ್ತಿರುವ ವೈದ್ಯರೇ. ಉಳಿದ ಥೈರಾಯ್ಡ್ ರೋಗಿಗಳು ಮಾತ್ರೆ ಹುಡುಕುವ ಮುಂಚೆ ಲೀವೋಥೈರಾಕ್ಸಿನ್ ನುಂಗುವ ಹೊತ್ತನ್ನು ನೋಡಿಕೊಳ್ಳಲಿ. ಅದು ಬೆಳಗ್ಗೆ ಖಾಲಿ ಹೊಟ್ಟೆಗೆ ಬರೀ ನೀರಿನ ಜೊತೆ ಹೋಗಬೇಕು, ಕಾಫಿ ಕನಿಷ್ಠ ಅರ್ಧ ಗಂಟೆ ಬಿಟ್ಟು. ಕಬ್ಬಿಣ, ಕ್ಯಾಲ್ಸಿಯಂ ಸೇರಿರುವ ಮಲ್ಟಿವಿಟಮಿನ್ ಅದಾಗಿ ನಾಲ್ಕು ಗಂಟೆಯ ಮೇಲೆ. ಸೆಲೆನಿಯಮ್ ಇದೆಯೆಂದು ಕೊಂಡ ಮಲ್ಟಿವಿಟಮಿನ್ನನ್ನು ಥೈರಾಯ್ಡ್ ಮಾತ್ರೆಯ ಜೊತೆಗೇ ನುಂಗಿದರೆ ಅದರಲ್ಲಿರುವ ಕಬ್ಬಿಣ ಹಾರ್ಮೋನನ್ನು ಕರುಳಿನಲ್ಲೇ ಕಟ್ಟಿಹಾಕುತ್ತದೆ, ಮುಂದಿನ ತಪಾಸಣೆಯಲ್ಲಿ ಟಿಎಸ್‌ಎಚ್ ಇಳಿಯುವ ಬದಲು ಏರಿರುತ್ತದೆ.